ನದಿ ಕಾಣುವ ಬಳ್ಳಿ: ಶಾತೋ ಲಾತೂರ್ ವೈನು ಮತ್ತು ಅದರ ತೋಟ

ಎಲ್ಲರಿಗೂ ನಮಸ್ಕಾರ.

ಅಡಿಕೆ ತೋಟ ಇರುವವರಿಗೆ ಬೋರ್ಡೋ ಎಂಬ ಹೆಸರು ಹೊಸದಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ಹೊಡೆಯುವ ಆ ನೀಲಿ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಸೇಂ ಜೂಲಿಯಾಂ ಎಂಬ ಊರಿನ ಕಡೆ, ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ-ಸುಣ್ಣ ಎರಚುವ ರೂಢಿಯಿತ್ತು. 1882ರಲ್ಲಿ ಡೌನಿ ರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿ ನಿಂತಾಗ ಆ ಸಾಲುಗಳು ಮಾತ್ರ ಹಸಿರಾಗಿದ್ದವು. ಸಸ್ಯವಿಜ್ಞಾನಿ ಮಿಯಾರ್ದೇ ಅದನ್ನು ಕಂಡು, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನೇ ನಮ್ಮ ಅಡಿಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದರು.

ಇವತ್ತಿನ ವಿಷಯ ಸೇಂ ಜೂಲಿಯಾಂಗೆ ಒತ್ತಿಕೊಂಡೇ ಇರುವ ಇನ್ನೊಂದು ತೋಟ. ನಡುವೆ ಜುಯಾಕ್ ಎಂಬ ಸಣ್ಣ ಹಳ್ಳ. ಹಳ್ಳ ದಾಟಿದರೆ ಪೋಯಾಕ್ ಊರಿನ ಎಲ್ಲೆ, ಅಲ್ಲೇ ಶಾತೋ ಲಾತೂರ್. ಬೋರ್ಡೋ ವೈನುಗಳ 1855ರ ವರ್ಗೀಕರಣದಲ್ಲಿ, ಈ ಊರುಗಳೆಲ್ಲ ಇರುವ ಮೆದೋಕ್ ಸೀಮೆಯ ಮೊದಲ ದರ್ಜೆ ಪಡೆದ ಮೂರೇ ತೋಟಗಳಲ್ಲಿ ಇದೊಂದು. ಲಾತೂರ್ ಅಂದರೆ ಗೋಪುರ. ನೂರು ವರ್ಷದ ಯುದ್ಧದ ಕಾಲದಲ್ಲಿ ಇಲ್ಲೊಂದು ಕೋಟೆಗೋಪುರ ಇತ್ತು, ಅದು ಉಳಿದಿಲ್ಲ. ಸೀಸೆಯ ಚೀಟಿ ನೋಡಿದವರು ಈಗ ತೋಟದಲ್ಲಿರುವ ದುಂಡು ಕಟ್ಟಡವೇ ಆ ಕೋಟೆ ಅಂದುಕೊಳ್ಳುತ್ತಾರೆ; ಅದು 1620ರ ದಶಕದಲ್ಲಿ ಕಟ್ಟಿದ ಪಾರಿವಾಳದ ಗೂಡು.

ಮೆದೋಕ್‌ನಲ್ಲಿ ಒಂದು ಮಾತಿದೆ: ಒಳ್ಳೆಯ ಬಳ್ಳಿಗೆ ನದಿ ಕಾಣಬೇಕು. ಲಾತೂರಿನ ತಿರುಳು ಲಾಂಕ್ಲೋ ಎಂದು ಕರೆಯುವ 47 ಹೆಕ್ಟೇರಿನ ತುಂಡು. ಜಿರೋಂದ್ ನದೀಮುಖದಿಂದ ಅದಕ್ಕೆ ಸುಮಾರು 300 ಮೀಟರ್. ಎತ್ತರವೂ ಹೇಳಿಕೊಳ್ಳುವಷ್ಟಿಲ್ಲ, ನೀರಿನ ಮಟ್ಟದಿಂದ 12ರಿಂದ 16 ಮೀಟರ್. ನಮ್ಮ ಕಡೆ ಅದನ್ನು ದಿಬ್ಬ ಅನ್ನುವುದಕ್ಕೂ ಯೋಚಿಸಬೇಕು. ಆದರೆ ಆ ದಿಬ್ಬದ ಮೈ ಬೆಣಚುಕಲ್ಲು. ಕೋಳಿಮೊಟ್ಟೆ ಗಾತ್ರದ, ನೀರಲ್ಲಿ ಉರುಳಿ ನುಣುಪಾದ ಕಲ್ಲು, ಸಂದಿಯಲ್ಲಿ ಮರಳು. ಹಿಮಯುಗದ ಪ್ರವಾಹಗಳು ಬೆಟ್ಟಸಾಲಿನಿಂದ ತಂದು ಸುರಿದದ್ದು. ಅದರ ಕೆಳಗೆ ಜೇಡಿ.

ಈ ಎರಡು ಪದರಗಳೇ ಇಡೀ ತೋಟದ ಬಂಡವಾಳ. ಬೋರ್ಡೋ ಮಳೆಯ ಸೀಮೆ, ಯಾವ ತಿಂಗಳೂ ಪೂರ್ತಿ ಒಣಗಿರುವುದಿಲ್ಲ. ದ್ರಾಕ್ಷಿಗೆ ನೀರು ಹೆಚ್ಚಾದರೆ ಕುಡಿ ಬೆಳೆಯುತ್ತಲೇ ಹೋಗುತ್ತದೆ, ಹಣ್ಣು ಊದಿಕೊಳ್ಳುತ್ತದೆ, ರಸ ಸಪ್ಪೆಯಾಗುತ್ತದೆ. ಬಣ್ಣ, ಒಗರು, ಪರಿಮಳದ ಬಹುಪಾಲು ಸಿಪ್ಪೆಯಲ್ಲಿರುವುದರಿಂದ ಕಾಳು ಸಣ್ಣದಿದ್ದಷ್ಟೂ ಲಾಭ. ಕಲ್ಲಿನ ಪದರ ಮಳೆನೀರನ್ನು ನಿಲ್ಲಗೊಡದೆ ಬಸಿದುಬಿಡುತ್ತದೆ. ಜುಲೈ ಕೊನೆಗೆ ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಬಳ್ಳಿಗೆ ಬಾಯಾರಿ ಕುಡಿ ನಿಲ್ಲುತ್ತದೆ, ಶಕ್ತಿಯೆಲ್ಲ ಹಣ್ಣಿಗೆ ಹೋಗುತ್ತದೆ. ಹಾಗಂತ ಬಾಯಾರಿಕೆ ಮಿತಿಮೀರಿದರೂ ಕಷ್ಟ, ಎಲೆ ಸುಟ್ಟು ಹಣ್ಣು ಮಾಗುವುದೇ ನಿಲ್ಲುತ್ತದೆ. ಆಗ ಕೆಳಗಿನ ಜೇಡಿ ಹಿಡಿದಿಟ್ಟ ತೇವ ಆಳದ ಬೇರಿಗೆ ಗುಟುಕು ಗುಟುಕಾಗಿ ಸಿಗುತ್ತದೆ. 2003ರ ಬಿಸಿಲಿಗೆ ಯುರೋಪ್ ಬೆಂದುಹೋದ ವರ್ಷವೂ ಲಾತೂರಿನ ವೈನು ಅತ್ಯುತ್ತಮ ಅನ್ನಿಸಿಕೊಂಡಿತು. ಜೇಡಿಯೊಳಗೂ ಬಸಿಗಾಲುವೆ ತೋಡಿದ್ದಾರೆ, ಅದು ಬೇರೆ ಮಾತು. ಪ್ರಕೃತಿ ಕೊಟ್ಟದ್ದು ಎಂದು ಹೊಗಳುವಾಗ ಆ ಗುದ್ದಲಿ ಕೆಲಸವನ್ನು ಜನ ಮರೆಯುತ್ತಾರೆ.

ನದಿಯ ಕೆಲಸ ಬೇರೆ. ಏಪ್ರಿಲ್‌ನಲ್ಲಿ ಚಿಗುರು ಒಡೆದ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಫಸಲು ಹೋದಂತೆ. ಅಗಲವಾದ ನದೀಮುಖ ರಾತ್ರಿ ಶಾಖ ಬಿಡುತ್ತ ದಡದ ಗಾಳಿಯನ್ನು ಒಂದೆರಡು ಡಿಗ್ರಿ ಬೆಚ್ಚಗಿಡುತ್ತದೆ, ಗಾಳಿ ಆಡುವಂತೆಯೂ ಮಾಡುತ್ತದೆ. 2017ರ ಏಪ್ರಿಲ್ ಹಿಮಕ್ಕೆ ಬೋರ್ಡೋದ ಬಹಳ ತೋಟಗಳು ಕರಟಿದವು. ಪೋಯಾಕ್‌ನ ನದಿಯಂಚಿನವು ಉಳಿದುಕೊಂಡವು.

ಹೆಕ್ಟೇರಿಗೆ 10,000 ಬಳ್ಳಿ, ಅಂದರೆ ಚದರ ಮೀಟರಿಗೊಂದು. ಹತ್ತಿರ ನೆಟ್ಟರೆ ಬೇರು ಪಕ್ಕಕ್ಕೆ ಹೋಗಲಾಗದೆ ಕೆಳಗಿಳಿಯುತ್ತದೆ. ವಿಜಯಪುರದ ಕಡೆ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಎಂದು ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಮಾಡುತ್ತಾರಲ್ಲ, ಅಲ್ಲಿ ಒಂದೇ. ಚಳಿಗೆ ಬಳ್ಳಿ ತಾನೇ ನಿದ್ದೆ ಹೋಗುತ್ತದೆ, ಆಗ ಕತ್ತರಿ. ಲಾಂಕ್ಲೋದ ಸಾಲುಗಳಲ್ಲಿ ಉಳುವುದು ಕುದುರೆ. ಟ್ರ್ಯಾಕ್ಟರ್ ಓಡಿಸಿದರೆ ಮಣ್ಣು ಗಟ್ಟಿಯಾಗಿ ನೀರು ಬಸಿಯುವುದು ನಿಲ್ಲುತ್ತದೆ ಎಂಬುದು ಕಾರಣ, ಶೋಕಿಯಲ್ಲ. 2018ರ ಫಸಲಿನಿಂದ ತೋಟಕ್ಕೆ ಸಾವಯವ ಪ್ರಮಾಣಪತ್ರವಿದೆ. ಸಾವಯವದಲ್ಲೂ ಮೈಲುತುತ್ತಕ್ಕೆ ಅವಕಾಶ ಉಂಟು, ಆದರೆ ಯುರೋಪಿನ ನಿಯಮದಂತೆ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ ತಾಮ್ರ ಮೀರುವಂತಿಲ್ಲ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಅಡಿಕೆಯವರೂ ಈ ಲೆಕ್ಕವನ್ನು ಒಮ್ಮೆ ಹಾಕಬೇಕು.

ತೋಟದಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿ ತಳಿ, ಉಳಿದದ್ದು ಹೆಚ್ಚಾಗಿ ಮೆರ್ಲೋ. ಆದರೆ ಲಾತೂರ್ ಎಂಬ ಹೆಸರು ಹೊರುವ ಸೀಸೆಯೊಳಗೆ ಈಚಿನ ವರ್ಷಗಳಲ್ಲಿ ಕ್ಯಾಬರ್ನೆ ನೂರಕ್ಕೆ ತೊಂಬತ್ತು ದಾಟುತ್ತದೆ. ಲಾಂಕ್ಲೋದ ಹಳೆಯ ಬಳ್ಳಿಗಳ ಹಣ್ಣು ಮಾತ್ರ ಅದಕ್ಕೆ. ಎಳೆಯ ಬಳ್ಳಿ, ಹೊರಗಿನ ತುಂಡುಗಳ ಹಣ್ಣು ಲೇ ಫೋರ್ ದ ಲಾತೂರ್ ಎಂಬ ಎರಡನೆಯ ವೈನಿಗೆ. 1966ರ ಫಸಲಿನಿಂದ ಶುರುವಾದದ್ದು ಅದು. ಮೂರನೆಯದೂ ಒಂದಿದೆ, ಹೆಸರು ಪೋಯಾಕ್ ದ ಲಾತೂರ್. ಹೀಗೆ ಕೆಳಕ್ಕೆ ತಳ್ಳಲು ಜಾಗ ಇರುವುದರಿಂದಲೇ ಮೇಲಿನದು ಕೆಟ್ಟ ವರ್ಷದಲ್ಲೂ ತಲೆಯೆತ್ತಿ ನಿಲ್ಲುತ್ತದೆ.

ಕೊಯ್ದ ಹಣ್ಣನ್ನು ತೊಟ್ಟು ಬಿಡಿಸಿ, ಒಂದೊಂದು ತುಂಡಿನದನ್ನು ಒಂದೊಂದು ತೊಟ್ಟಿಗೆ ಹಾಕುತ್ತಾರೆ. 1964ರಲ್ಲೇ ಇಲ್ಲಿ ಮರದ ತೊಟ್ಟಿ ತೆಗೆದು ಉಕ್ಕಿನವು ಬಂದವು, ಆಗ ಹಳಬರು ಹಾಲಿನ ಡೈರಿ ಮಾಡಿಟ್ಟರು ಎಂದು ಗೊಣಗಿದರಂತೆ. ಕಾರಣ ಶಾಖ. ಹುಳಿಯುವಾಗ ರಸ ತಾನೇ ಬಿಸಿಯಾಗುತ್ತದೆ. 30 ಡಿಗ್ರಿ ಸುತ್ತ ಇದ್ದರೆ ಸಿಪ್ಪೆಯಿಂದ ಬಣ್ಣ, ಒಗರು ಚೆನ್ನಾಗಿ ಇಳಿಯುತ್ತವೆ. 35 ದಾಟಿತೋ, ಯೀಸ್ಟ್ ಸಾಯುತ್ತದೆ, ಸಕ್ಕರೆ ಅರ್ಧಕ್ಕೇ ಉಳಿಯುತ್ತದೆ, ಉಳಿದ ಸಕ್ಕರೆಗೆ ಬ್ಯಾಕ್ಟೀರಿಯಾ ಮುತ್ತಿ ವಿನಿಗರ್ ವಾಸನೆ ಬರುತ್ತದೆ. ಉಕ್ಕಿನ ತೊಟ್ಟಿಗೆ ತಣ್ಣೀರು ಹಾಯಿಸಿ ಶಾಖ ಇಳಿಸಬಹುದು. ಸಿಪ್ಪೆ ರಸದ ಮೇಲೆ ಟೋಪಿಯಂತೆ ತೇಲಿ ನಿಲ್ಲುತ್ತದೆ. ಕೆಳಗಿನ ರಸವನ್ನು ಪಂಪಿನಲ್ಲಿ ಎತ್ತಿ ಅದರ ಮೇಲೆ ಸುರಿಯುತ್ತಿರಬೇಕು, ಒಣಗಲು ಬಿಟ್ಟರೆ ಕೆಟ್ಟಿತು. ಒಟ್ಟು ಮೂರು ವಾರ ಸಿಪ್ಪೆಯೊಡನೆ.

ಆಮೇಲೆ 225 ಲೀಟರಿನ ಓಕ್ ಪೀಪಾಯಿ, ಲಾತೂರಿಗೆ ಎಲ್ಲವೂ ಹೊಸದು. ಒಂದು ಪೀಪಾಯಿಗೆ 300 ಸೀಸೆ. ಮರದ ಮೂಲಕ ವೈನು ಆವಿಯಾಗುತ್ತದೆ; ಖಾಲಿಯಾದಷ್ಟನ್ನು ತುಂಬುತ್ತಲೇ ಇರಬೇಕು, ಇಲ್ಲದಿದ್ದರೆ ಗಾಳಿ ಕೂತಲ್ಲಿ ಹುಳಿ ಹುಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಗಸಿ ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ತಿಳಿಗೊಳಿಸಲು ಮೊಟ್ಟೆಯ ಬಿಳಿ, ಪೀಪಾಯಿಗೆ ಐದಾರು. ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಟ್ಯಾನಿನ್ ಜಾತಿಯದೇ ವೈನಿನ ಒಗರು ಕೂಡ. ಬಿಳಿಯ ಪ್ರೋಟೀನು ಅದರ ಒರಟು ಭಾಗಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ಹೆಚ್ಚು ಹಾಕಿದರೆ ಒರಟಿನ ಜತೆ ವೈನಿನ ಮೈಯೂ ಹೋಗುತ್ತದೆ.

ಮಾರಾಟದ ವಿಷಯ ಚುಟುಕಾಗಿ. ಬೋರ್ಡೋದಲ್ಲಿ ವೈನು ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಮಾರುವ ಪದ್ಧತಿಯಿದೆ. ಹಳೆಯ ಒಡೆಯರಾದ ಸೆಗ್ಯೂರ್ ವಂಶದಿಂದ 1963ರಲ್ಲಿ ಇಂಗ್ಲಿಷರ ಕೈಗೆ, 1993ರಲ್ಲಿ ಫ್ರೆಂಚ್ ಉದ್ಯಮಿ ಫ್ರಾನ್ಸ್ವಾ ಪಿನೋ ಕೈಗೆ ಬಂದ ಲಾತೂರ್, 2012ರಲ್ಲಿ ಆ ಪದ್ಧತಿಯಿಂದ ಹೊರಗೆ ಬಂತು. 2011ರ ಫಸಲೇ ಕೊನೆಯ ಮುಂಗಡ. ಈಗ ತನ್ನ ನೆಲಮಾಳಿಗೆಯಲ್ಲೇ ಹಳತಾಗಿಸಿ ಬಿಡುಗಡೆ ಮಾಡುತ್ತದೆ. ಕಾಯುವ ಬಡ್ಡಿಯನ್ನು ಕೊಳ್ಳುವವನೇ ತೆರುತ್ತಾನೆ, ನಿಜ. ಆದರೆ ಸೀಸೆ ಯಾರ ಅಟ್ಟದಲ್ಲಿ ಬೆಂದಿತ್ತೋ ಎಂಬ ಅನುಮಾನವಿಲ್ಲ. ನಮ್ಮ ಸೆಕೆಯಲ್ಲಿ ಅದೇ ದೊಡ್ಡ ಅಪಾಯ. 12ರಿಂದ 14 ಡಿಗ್ರಿಯಲ್ಲಿ, ಮಲಗಿಸಿ, ಕತ್ತಲಲ್ಲಿ ಇಡಬೇಕು. ಅಡುಗೆಮನೆ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದರೆ ಕಾರ್ಕ್ ಮೇಲೆದ್ದು ರಸ ಜಿನುಗುತ್ತದೆ, ಪರಿಮಳ ಬೇಯಿಸಿದ ಹಣ್ಣಿನದಾಗುತ್ತದೆ.

ಒಳ್ಳೆಯ ವರ್ಷದ ಲಾತೂರ್ ಹದಿನೈದು ವರ್ಷಕ್ಕೆ ಮುಂಚೆ ತೆರೆಯುವುದು ದಂಡ, ಒಗರು ನಾಲಿಗೆ ಕಟ್ಟುತ್ತದೆ. ತೆರೆಯುವ ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕೆ ಕೂರಲಿ. 17 ಡಿಗ್ರಿ ಸುತ್ತ ಇರಲಿ. ಕೋಣೆಯ ಶಾಖ ಅಂದರೆ ಮೇ ತಿಂಗಳ ನಮ್ಮ ಕೋಣೆ ಅಲ್ಲ. ಹಳೆಯ ಕಾರ್ಕ್ ಪುಡಿಯಾಗುತ್ತದೆ, ತಿರುಪನ್ನು ನಿಧಾನ ಇಳಿಸಿ ನೇರ ಎಳೆಯಿರಿ. ಸೀಸೆಯ ಕುತ್ತಿಗೆಯ ಹಿಂದೆ ಮೇಣದಬತ್ತಿಯೋ ಮೊಬೈಲ್ ಬೆಳಕೋ ಇಟ್ಟು, ಎಲ್ಲೂ ನಿಲ್ಲಿಸದೆ ಒಂದೇ ಧಾರೆಯಲ್ಲಿ ಹೂಜಿಗೆ ಬಗ್ಗಿಸಿ. ನಡುವೆ ಸೀಸೆ ನೆಟ್ಟಗೆ ಮಾಡಿದರೆ ಗಸಿ ಕದಡುತ್ತದೆ. ಕೊನೆಕೊನೆಗೆ ಹೊಗೆಯ ಎಳೆಯಂಥ ಕಪ್ಪು ಗೆರೆ ಕುತ್ತಿಗೆಗೆ ಬಂದದ್ದು ಬೆಳಕಿನಲ್ಲಿ ಕಾಣುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ. ಎರಡು ಬೆರಳಷ್ಟು ಸೀಸೆಯಲ್ಲೇ ಉಳಿಯುತ್ತದೆ, ಉಳಿಯಲಿ.