ಮಳೆಯ ಅಡಿಯಲ್ಲಿ ಉಳಿದ ಸಂಗೀತ

ಕೇಳುಗರಿಗೆ ನಮಸ್ಕಾರ.

ಒಂದು ಸಿನಿಮಾ ಮುಗಿಯುತ್ತದೆ. ಪರದೆಯ ಮೇಲೆ ಹೆಸರುಗಳು ಏರುತ್ತಾ ಹೋಗುತ್ತವೆ. ಅವುಗಳ ನಡುವೆ ಒಂದು ಸಾಲು ಬರುತ್ತದೆ: ಈ ಚಿತ್ರದ ಸಂಗೀತದ ಆಲ್ಬಂ ಪಾಲಿಡಾರ್ ಕಂಪನಿಯಿಂದ ಸಿಗುತ್ತದೆ. ನೋಡಿದವರು ಹುಡುಕಿಕೊಂಡು ಹೋದರು. ಆಲ್ಬಂ ಇರಲಿಲ್ಲ. ಮರುವರ್ಷವೂ ಇರಲಿಲ್ಲ. ಒಟ್ಟು ಹನ್ನೆರಡು ವರ್ಷ ಇರಲಿಲ್ಲ.

1982ರ 'ಬ್ಲೇಡ್ ರನ್ನರ್' ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರದ ಮಾತಿದು. ನಿರ್ದೇಶಕ ರಿಡ್ಲಿ ಸ್ಕಾಟ್. ಸಂಗೀತ ಗ್ರೀಸ್ ದೇಶದ ವ್ಯಾಂಗೆಲಿಸ್ ಅವರದು. ಅದೇ ವರ್ಷ 'ಚಾರಿಯಟ್ಸ್ ಆಫ್ ಫೈರ್' ಚಿತ್ರಕ್ಕೆ ಅವರಿಗೆ ಆಸ್ಕರ್ ಬಂದಿತ್ತು. 'ಬ್ಲೇಡ್ ರನ್ನರ್' ಚಿತ್ರಮಂದಿರಗಳಲ್ಲಿ ಅಷ್ಟೇನೂ ಓಡಲಿಲ್ಲ. ಆಮೇಲೆ ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದವರು ಮಾತ್ರ ಅದನ್ನು ಕೈಬಿಡಲಿಲ್ಲ. ಮತ್ತೆ ಮತ್ತೆ ನೋಡಿದರು. ನೋಡುತ್ತಾ ನೋಡುತ್ತಾ ಹೊಳೆಯಿತು, ಈ ಸಂಗೀತ ಬೇರೆಲ್ಲೂ ಸಿಗುವುದಿಲ್ಲವಲ್ಲ ಅಂತ.

1982ರಲ್ಲೇ ಒಂದು ಆಲ್ಬಂ ಬಂದದ್ದು ನಿಜ. ಆದರೆ ಅದು ನ್ಯೂ ಅಮೆರಿಕನ್ ಆರ್ಕೆಸ್ಟ್ರಾ ಹೊಸದಾಗಿ ನುಡಿಸಿದ್ದು. ಧಾಟಿ ಅದೇ, ದನಿ ಬೇರೆ. ಚಿತ್ರದಲ್ಲಿ ಕೇಳಿದ ದನಿಗೇ ಮನಸೋತವರಿಗೆ ಅದು ಎಲ್ಲಿ ಸಾಲುತ್ತದೆ? 1993ರಲ್ಲಿ ಅನುಮತಿಯಿಲ್ಲದೆ ಮಾಡಿದ ಒಂದು ಸಿಡಿ ಕೈಯಿಂದ ಕೈಗೆ ಓಡಾಡಿತು. 1994ರಲ್ಲಿ ಕೊನೆಗೂ ಅಧಿಕೃತ ಆಲ್ಬಂ ಬಂತು. ಅದು ಚೆನ್ನಾಗಿದೆ, ನಾನು ಇಂದಿಗೂ ಕೇಳುತ್ತೇನೆ. ಆದರೆ ಚಿತ್ರದ ಎಷ್ಟೋ ತುಣುಕುಗಳು ಅದರಲ್ಲಿಲ್ಲ. ಕೆಲವು ತುಣುಕುಗಳ ಮೇಲೆ ಪಾತ್ರಗಳ ಮಾತು ಕೂತಿದೆ. ಚಿತ್ರದಲ್ಲಿ ಇಲ್ಲದ ಹಾಡುಗಳೂ ಸೇರಿವೆ. 2007ರಲ್ಲಿ ಮೂರು ಸಿಡಿಗಳ ಕಟ್ಟು ಬಂತು. ಆಗಲೂ ಪೂರ್ತಿ ಆಗಲಿಲ್ಲ.

ಉಳಿದದ್ದನ್ನು ಅಭಿಮಾನಿಗಳೇ ಕಟ್ಟಲು ಕೂತರು. ಇದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಕಾರಣ ಹೇಳುತ್ತೇನೆ. ಸಾಮಾನ್ಯವಾಗಿ ಚಿತ್ರಸಂಗೀತ ಮೊದಲು ಕಾಗದದ ಮೇಲೆ ಇರುತ್ತದೆ. ಸ್ವರಲಿಪಿ ಸಿಕ್ಕರೆ ಯಾರಾದರೂ ಮತ್ತೆ ನುಡಿಸಬಹುದು. ಇಲ್ಲಿ ಕಾಗದವೇ ಇಲ್ಲ. ವ್ಯಾಂಗೆಲಿಸ್ ಸ್ವರಲಿಪಿ ಬರೆಯುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಲಂಡನ್ನಿನ ತಮ್ಮ ನೀಮೋ ಸ್ಟುಡಿಯೋದಲ್ಲಿ ಚಿತ್ರದ ವಿಡಿಯೊ ಹಾಕಿಕೊಂಡು, ಅದನ್ನು ನೋಡುತ್ತಲೇ ಬೆರಳು ಆಡಿಸುತ್ತಿದ್ದರು. ಕಣ್ಣು ಕಂಡದ್ದಕ್ಕೆ ಕೈ ಕೊಟ್ಟ ಉತ್ತರ ಅದು. ಟೇಪಿನಲ್ಲಿ ಉಳಿದದ್ದಷ್ಟೇ ಸಂಗೀತ.

ಅವರ ಕೈಕೆಳಗೆ ಇದ್ದದ್ದು ಮುಖ್ಯವಾಗಿ ಯಮಾಹಾ ಸಿಎಸ್-80 ಎಂಬ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ. ಸುಮಾರು ನೂರು ಕಿಲೋ ತೂಕ. ಒಮ್ಮೆಗೆ ಎಂಟು ಸ್ವರ ನುಡಿಯುತ್ತದೆ. ಅದರ ದೊಡ್ಡ ಗುಣ ಏನೆಂದರೆ, ಒತ್ತಿ ಹಿಡಿದ ಪ್ರತಿ ಕೀಗೂ ಬೆರಳಿನ ಒತ್ತಡ ಬೇರೆ ಬೇರೆಯಾಗಿ ತಿಳಿಯುತ್ತದೆ. ಐದು ಬೆರಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಒತ್ತಿದರೆ, ಆ ಒಂದು ಸ್ವರ ಮಾತ್ರ ಉಬ್ಬುತ್ತದೆ. ಕೀಗಳ ಮೇಲ್ಗಡೆ ಒಂದು ಪಟ್ಟಿ ಇದೆ. ಅದರ ಮೇಲೆ ಬೆರಳು ಜಾರಿಸಿದರೆ ಸ್ವರ ಜಾರುತ್ತದೆ. ಕೋಣೆಯ ಬಿಸಿ ಹೆಚ್ಚಿದರೆ ಶ್ರುತಿ ಕೂಡ ಮೆಲ್ಲಗೆ ಸರಿಯುತ್ತದೆ. ಆ ಸಣ್ಣ ಅಲುಗಾಟವೇ ಈ ಸಂಗೀತದ ಜೀವ. ಸ್ವರ ಯಾವುದು ಎಂದು ಗುರುತಿಸಿದರೆ ಅರ್ಧ ಕೆಲಸವೂ ಆದಂತಲ್ಲ. ಆ ಸ್ವರವನ್ನು ಬೆರಳು ಹೇಗೆ ಹಿಡಿದಿತ್ತು ಅನ್ನುವುದನ್ನೂ ಕಿವಿಯಲ್ಲೇ ಪತ್ತೆ ಮಾಡಬೇಕು.

ಹಾಗಾದರೆ ಶುರು ಎಲ್ಲಿಂದ? ಚಿತ್ರದಿಂದಲೇ. ಡಿವಿಡಿಯಲ್ಲಿ ಸದ್ದು ಹಲವು ಚಾನಲ್‌ಗಳಲ್ಲಿ, ಅಂದರೆ ಒಂದೊಂದು ಸ್ಪೀಕರಿಗೆ ಒಂದೊಂದಾಗಿ, ಹಂಚಿರುತ್ತದೆ. ಮಾತು ಹೆಚ್ಚಾಗಿ ನಡುವಿನ ಚಾನಲ್‌ನಲ್ಲಿ. ಎಡ, ಬಲ ಮತ್ತು ಹಿಂಬದಿಯ ಚಾನಲ್‌ಗಳಲ್ಲಿ ಸಂಗೀತ, ಮಳೆ, ಯಂತ್ರಗಳ ಗುಂಯ್‌ಗುಡುವಿಕೆ. ನಡುವಿನದನ್ನು ಮುಚ್ಚಿ ಹಿಂಬದಿಯದನ್ನಷ್ಟೇ ಕೇಳಿದರೆ, ಅಷ್ಟು ವರ್ಷ ಮಾತಿನ ಹಿಂದೆ ಅಡಗಿದ್ದ ಒಂದು ಸ್ವರ ತಟ್ಟನೆ ಎದುರಿಗೆ ಬರುತ್ತದೆ. ಮೊದಲ ಸಲ ಹಾಗೆ ಕೇಳಿದಾಗ ನಾನು ಹೆಡ್‌ಫೋನ್ ತೆಗೆದು ಸುಮ್ನೆ ಕೂತುಬಿಟ್ಟೆ.

ಆಮೇಲೆ ಬೇರೆ ಭಾಷೆಯ ಡಬ್ಬಿಂಗ್ ಪ್ರತಿಗಳು. ಮಾತು ಬದಲಾದರೂ ಸಂಗೀತ ಅದೇ ಅಲ್ವಾ? ಒಂದರಲ್ಲಿ ಮಾತು ಮುಚ್ಚಿದ ಜಾಗ ಇನ್ನೊಂದರಲ್ಲಿ ತೆರೆದಿರಬಹುದು. ಆದರೆ ಇಲ್ಲೊಂದು ಬಲೆ ಇದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ. ಯುರೋಪಿನ ಹಳೆಯ ವಿಡಿಯೊ ಪ್ರತಿಗಳು 25. ಹಾಗಾಗಿ ಚಿತ್ರ ಶೇಕಡಾ 4ರಷ್ಟು ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ. ಒಂದು ಕೀಯಿಂದ ಪಕ್ಕದ ಕೀಗೆ ಇರುವ ದೂರದ ಮುಕ್ಕಾಲು ಪಾಲಿನ ಹತ್ತಿರ. ಇದು ಗೊತ್ತಿಲ್ಲದೆ ಎರಡು ಪ್ರತಿ ಜೋಡಿಸಿದರೆ ಹೊಂದುವುದೇ ಇಲ್ಲ. ಮೊದಲು ವೇಗ ಸರಿಮಾಡಬೇಕು, ಆಮೇಲೆ ಕತ್ತರಿ ಹಿಡಿಯಬೇಕು.

ಈಗ ಕಂಪ್ಯೂಟರ್ ಸಹಾಯಕ್ಕೆ ಬಂದಿದೆ. 2019ರಲ್ಲಿ ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ಸ್ಪ್ಲೀಟರ್ ಎಂಬ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದು ಹಾಡಿನಿಂದ ಗಾಯನ, ಡ್ರಮ್ಸ್, ಬೇಸ್ ಎಲ್ಲವನ್ನೂ ಬಿಡಿಸಿ ಕೊಡುತ್ತದೆ. ಮಾತು ತೆಗೆಯುವುದರಲ್ಲಿ ಅದು ಜಾಣ. ಮಳೆಯ ಮುಂದೆ ಮಾತ್ರ ಸೋಲುತ್ತದೆ. ಈ ಚಿತ್ರದ ತುಂಬ ಮಳೆ. ಸಿಂಥಸೈಸರಿನ ಸ್ವರ ಪ್ರತಿಧ್ವನಿಯಲ್ಲಿ ಕರಗುತ್ತಾ ಕರಗುತ್ತಾ ಕೊನೆಗೆ ಬರೀ ಸುಯ್ಲಾಗಿ ಉಳಿಯುತ್ತದೆ. ಮಳೆಯೂ ಸುಯ್ಲೇ. ಯಂತ್ರ ಎರಡನ್ನೂ ಒಂದೇ ಎಂದುಕೊಂಡು ಸ್ವರದ ಬಾಲವನ್ನೂ ಕತ್ತರಿಸುತ್ತದೆ. ಸ್ವರ ಗೋಡೆಗೆ ಬಡಿದಂತೆ ನಿಂತುಹೋಗುತ್ತದೆ. ಅದಕ್ಕಿಂತ ಮಳೆ ಇದ್ದದ್ದೇ ವಾಸಿ.

ಚಿತ್ರದಲ್ಲಿ ಎಸ್ಪರ್ ಎಂಬ ಒಂದು ಯಂತ್ರ ಇದೆ. ನಾಯಕ ಡೆಕರ್ಡ್ ಒಂದು ಫೋಟೋವನ್ನು ಅದರಲ್ಲಿ ಇಟ್ಟು, ಫೋಟೋದ ಒಳಗೇ ನಡೆದು ಹೋದಂತೆ, ಮೂಲೆಯಲ್ಲಿ ಅಡಗಿದ್ದನ್ನು ಕಂಡುಹಿಡಿಯುತ್ತಾನೆ. ಅಭಿಮಾನಿಗಳು ಕಟ್ಟಿದ ಒಂದು ದೊಡ್ಡ ಸಂಕಲನಕ್ಕೂ ಇದೇ ಹೆಸರು, ಎಸ್ಪರ್ ಎಡಿಷನ್. ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುವುದಿಲ್ಲ.

ಕೆಲವರು ಬಿಡಿಸುವುದನ್ನು ಬಿಟ್ಟು ಮತ್ತೆ ನುಡಿಸುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ದಯವಿಟ್ಟು ತಾಳದ ಯಂತ್ರ ಹಾಕಿಕೊಂಡು ನುಡಿಸಬೇಡಿ. ಮೂಲದಲ್ಲಿ ಕೈ ಹಿಡಿದದ್ದು ಚಿತ್ರದ ನಡಿಗೆಯನ್ನು. ಹಾರುವ ಕಾರು ಮೇಲೆದ್ದಾಗ ಸ್ವರ ಎದ್ದಿದೆ, ಮುಖ ತಿರುಗಿದಾಗ ನಿಂತಿದೆ. ಚಿತ್ರವನ್ನು ಎದುರಿಗೆ ಇಟ್ಟುಕೊಂಡು ನುಡಿಸಿದರೆ ಆ ನಿಲುಗಡೆಗಳು ತಾವಾಗಿಯೇ ಕೈಗೆ ಬರುತ್ತವೆ.

ಇನ್ನೊಂದು ಮಾತು. ಇದು ಬೇರೆಯವರ ಸೊತ್ತು. ಪ್ರೀತಿಗೆ ಮಾಡಿದ್ದನ್ನು ಮಾರುವುದು ಸರಿಯಲ್ಲ. ತಾನು ಊಹಿಸಿ ತುಂಬಿದ ಜಾಗ ಯಾವುದು ಅನ್ನುವುದನ್ನೂ ಕೇಳುವವರಿಗೆ ಹೇಳಬೇಕು. ಇಲ್ಲದಿದ್ದರೆ ನಾಳೆ ನಮ್ಮ ಊಹೆಯೇ ವ್ಯಾಂಗೆಲಿಸ್ ಹೆಸರಲ್ಲಿ ಉಳಿದುಬಿಡುತ್ತದೆ. ಅವರು 2022ರಲ್ಲಿ ತೀರಿಕೊಂಡರು. ಸರಿಯೋ ತಪ್ಪೋ ಎಂದು ಕೇಳಲು ಅವರಿಲ್ಲ.

ನಾನು ಕೈಹಾಕಿದ್ದು ಒಂದೇ ತುಣುಕಿಗೆ. ಎರಡು ನಿಮಿಷವೂ ಇಲ್ಲ. ಮೂರು ಪ್ರತಿಗಳಿಂದ ಚೂರು ಚೂರು ಜೋಡಿಸಿದೆ. ನಡುವೆ ನಾಲ್ಕು ಸೆಕೆಂಡು ಎಲ್ಲ ಪ್ರತಿಗಳಲ್ಲೂ ಮಳೆ ಜೋರಾಗಿದೆ, ಅದರ ಕೆಳಗೆ ಕೈ ಏನು ಮಾಡಿತು ಅನ್ನುವುದು ಕೇಳಿಸುವುದಿಲ್ಲ. ಎರಡು ಸ್ವರ ನುಡಿಸಿ ಅಲ್ಲಿ ಕೂರಿಸಿದೆ. ಚೆನ್ನಾಗಿಯೇ ಕೂತವು. ಮರುದಿನ ತೆಗೆದೆ. ಈಗ ಆ ನಾಲ್ಕು ಸೆಕೆಂಡು ಮಳೆ ಹಾಗೇ ಇದೆ. ಇನ್ನೊಂದು ಪ್ರತಿ ಸಿಕ್ಕ ದಿನ ಮತ್ತೆ ಕೂರುತ್ತೇನೆ.

ನಮಸ್ಕಾರ.