ಹಳೆ ಹೊಲಿಗೆಯ ಪಕ್ಕದ ಹೊಸ ಗಂಟು

ಕೇಳುಗರಿಗೆ ನಮಸ್ಕಾರ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ರೇಡಿಯೇಷನ್ನೂ ಮುಗಿದು, ವರ್ಷವೋ ಎರಡು ವರ್ಷವೋ ಕಳೆದಿರುತ್ತದೆ. ಸ್ನಾನ ಮಾಡುವಾಗ ಹಳೆ ಹೊಲಿಗೆಯ ಪಕ್ಕದಲ್ಲೇ ಗಟ್ಟಿಯಾದ ಗಂಟೊಂದು ಕೈಗೆ ಸಿಗುತ್ತದೆ. ನೋವಿಲ್ಲ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಂತಿದೆ. ರೋಗ ಮತ್ತೆ ಬಂತೆಂದು ಮನೆಮಂದಿಯೆಲ್ಲ ಊಟ ನಿದ್ದೆ ಬಿಡುತ್ತಾರೆ. ಆ ಭಯ ಸಹಜ, ಮರಳಿದ ಕ್ಯಾನ್ಸರೂ ಹೀಗೇ ಇರುತ್ತದೆ. ಆದರೆ ಕ್ಯಾನ್ಸರಲ್ಲದ್ದೂ ಹೀಗೇ ಇರಬಹುದು.

ಆಪರೇಷನ್ನಿನಿಂದ, ರೇಡಿಯೇಷನ್ನಿನಿಂದ ಸ್ತನದೊಳಗಿನ ಕೊಬ್ಬಿಗೆ ರಕ್ತ ಸಾಲದೆ ಒಂದಷ್ಟು ಭಾಗ ಸಾಯುವುದುಂಟು. ವೈದ್ಯರು ಇದನ್ನು ಫ್ಯಾಟ್ ನೆಕ್ರೋಸಿಸ್ ಎನ್ನುತ್ತಾರೆ. ಸತ್ತ ಕೊಬ್ಬು ಎಣ್ಣೆಯಂತಾಗುತ್ತದೆ. ದೇಹ ಅದರ ಸುತ್ತ ನಾರಿನ ಗೋಡೆ ಕಟ್ಟುತ್ತದೆ, ಬರಬರುತ್ತಾ ಆ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಮೊಟ್ಟೆಚಿಪ್ಪಿನಂಥ ತೆಳ್ಳನೆಯ ಬಿಳಿ ಉಂಗುರ, ನಡುವೆ ಎಣ್ಣೆಯ ಕಪ್ಪು ಕಂಡರೆ ಅನುಮಾನ ಅಲ್ಲಿಗೇ ತೀರುತ್ತದೆ. ಎಷ್ಟೋ ಸಲ ಹಾಗೆ ಕಾಣುವುದಿಲ್ಲ. ಗಂಟಿನ ಅಂಚು ಮುಳ್ಳುಮುಳ್ಳಾಗಿ, ಬಿಳಿ ಚುಕ್ಕೆಗಳು ಗುಂಪುಗೂಡಿ, ಥೇಟ್ ಕ್ಯಾನ್ಸರಿನಂತೆಯೇ ಕಾಣುತ್ತದೆ.

ಹೊಲಿಗೆಯ ದಾರವೂ ಹೀಗೆ ದಿಗಿಲು ಹುಟ್ಟಿಸುವುದುಂಟು. ಥೈರಾಯ್ಡ್ ಆಪರೇಷನ್ನಿನಲ್ಲಿ ಕರಗದ ರೇಷ್ಮೆದಾರ ಬಳಸಿದ್ದರೆ, ವರ್ಷಗಳ ಮೇಲೆ ಅದರ ಸುತ್ತ ಉರಿಯೂತವಾಗಿ ಕುತ್ತಿಗೆಯಲ್ಲಿ ಗಂಟು ಏಳಬಹುದು.

‘ಪೆಟ್ ಸ್ಕ್ಯಾನಿನಲ್ಲಿ ಹೊಳೆದಿದೆ, ಇನ್ನೇನು ಉಳೀತು ಡಾಕ್ಟ್ರೇ’ ಎಂದು ಅಳುತ್ತಾ ಬರುವವರಿದ್ದಾರೆ. ಆ ಸ್ಕ್ಯಾನಿಗೆ ಚುಚ್ಚುವ ಮದ್ದು ಸಕ್ಕರೆಯ ಜಾತಿಯದು. ಕ್ಯಾನ್ಸರ್ ಕೋಶ ಅದನ್ನು ಹೆಚ್ಚು ಹೀರುತ್ತದೆ, ನಿಜ. ಉರಿಯೂತದ ಜಾಗಕ್ಕೆ ನೆರೆದ ಬಿಳಿರಕ್ತಕಣಗಳೂ ಹೀರುತ್ತವೆ. ಹೊಳಪು ನೋಡಿ ತೀರ್ಮಾನ ಕೊಡಲಾಗದು.

ಅನುಮಾನ ಉಳಿದಲ್ಲಿ ತೀರ್ಮಾನ ಕೊಡುವುದು ಬಯಾಪ್ಸಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ತಾಗಿದರೆ ರೋಗ ಹರಡುತ್ತದೆಂದು ಹೆದರಿ ಎಷ್ಟೋ ಮಂದಿ ಒಪ್ಪುವುದಿಲ್ಲ. ಸ್ತನದ ಗಂಟಿಗೆ ಈ ಹೆದರಿಕೆ ಖಂಡಿತ ಬೇಡ. ಬಯಾಪ್ಸಿ ಇಲ್ಲದೆ ಇನ್ನೊಂದು ದೊಡ್ಡ ಆಪರೇಷನ್ನಿಗೆ ಅವಸರಪಡಬೇಡಿ. ಹಾಗೆಂದು, ನನ್ನ ಮಾತು ಕೇಳಿ ‘ಕೊಬ್ಬಿನ ಗಂಟೇ ಇರಬೇಕು’ ಎಂದು ಮನೆಯಲ್ಲೂ ಕೂರಬೇಡಿ.

ತೋರಿಸಲು ಹೋಗುವಾಗ ಹಳೆ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ಹಿಂದಿನ ಮ್ಯಾಮೊಗ್ರಾಮ್ ಫಿಲ್ಮುಗಳು, ರೇಡಿಯೇಷನ್ ಕೊಟ್ಟ ಕಾಗದ ಎಲ್ಲವೂ ಜೊತೆಗಿರಲಿ. ಬಯಾಪ್ಸಿಯ ಫಲಿತಾಂಶ ಮತ್ತು ಸ್ಕ್ಯಾನ್ ಒಂದಕ್ಕೊಂದು ಹೊಂದದಿದ್ದರೆ ವೈದ್ಯರು ಮತ್ತೊಮ್ಮೆ ಬಯಾಪ್ಸಿ ಮಾಡೋಣ ಎನ್ನಬಹುದು. ಆಗ ದಯವಿಟ್ಟು ಒಪ್ಪಿಕೊಳ್ಳಿ. ನಮಸ್ಕಾರ.