ಬೊಗ್ಗಿಯ ದಾರಿ, ಮೂರು ನೀರು

ವಿಡಿಯೋ ಅಲುಗಾಡಿದರೆ ಬೈಯಬೇಡಿ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ನಮ್ಮ ನಾಯಿ ಬೊಗ್ಗಿಯ ಹಗ್ಗ. ಆ ತುದಿಯಲ್ಲಿರುವವಳಿಗೆ ನನ್ನ ವ್ಲಾಗ್ ಬಗ್ಗೆ ಕಿಂಚಿತ್ತೂ ಮರ್ಯಾದೆ ಇಲ್ಲ.

ನಮಸ್ಕಾರ. ನಾನಿರುವುದು ಕಾಸರಗೋಡಿನ ಪೆರ್ಲದ ಹತ್ತಿರ, ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ. ಕಾಸರಗೋಡು ಅಂದರೆ ಎಲ್ಲರೂ ಬೇಕಲ ಕೋಟೆ ತೋರಿಸುತ್ತಾರೆ, ಇಲ್ಲದಿದ್ದರೆ ಪೊಸಡಿಗುಂಪೆ ಗುಡ್ಡ. ಪೊಸಡಿಗುಂಪೆಗೆ ಒಮ್ಮೆ ಬೊಗ್ಗಿಯನ್ನೂ ಕರೆದುಕೊಂಡು ಹೋಗಿದ್ದೆ. ನನಗೆ ಗಾಳಿಯೂ ಇಷ್ಟವಾಯಿತು, ನೋಟವೂ ಇಷ್ಟವಾಯಿತು. ಅವಳು ಅರ್ಧ ಗಂಟೆಯಲ್ಲಿ ಕಾರಿನ ಅಡಿಗೆ ಹೋಗಿ ಮಲಗಿದಳು. ಹತ್ತು ವರ್ಷದ ಊರುನಾಯಿ, ಅಜ್ಜಿ ಆಗಿದ್ದಾಳೆ. ಅವಳಿಗೆ ಬೇಕಾದದ್ದು ಒಂದೂವರೆ ಕಿಲೋಮೀಟರು, ಮುಕ್ಕಾಲು ಗಂಟೆ, ಮೇಲೊಂದು ನೆರಳು.

ಈ ದಾರಿ ಹುಡುಕಿದ್ದು ನಾನಲ್ಲ, ಅವಳೇ. ದಿನಾ ಎಳೆದಳು, ದಿನಾ ಹೋದೆ. ಎಷ್ಟೋ ವರ್ಷದ ಮೇಲೆ ಒಂದು ದಿನ ತಲೆಗೆ ಹೊಳೆಯಿತು. ಇವಳು ನಡೆಯುವುದು ನೀರಿನಿಂದ ನೀರಿಗೆ.

ಮೊದಲನೆಯದು ಇಲ್ಲಿ, ಗುಡ್ಡೆಯ ನೆತ್ತಿಯಲ್ಲಿ. ಮದಕ. ಮುರಕಲ್ಲಿನ ತಗ್ಗಿಗೆ ಒಂದು ಬದಿಯಲ್ಲಿ ಕಟ್ಟೆ ಹಾಕಿ ಮಳೆನೀರು ನಿಲ್ಲಿಸಿದ್ದು. ಹಿರಿಯರು ಇದನ್ನು ಮಾಡಿದ್ದು ಇಲ್ಲಿ ಕುಡಿಯಲಿಕ್ಕಲ್ಲ. ಇಲ್ಲಿ ನಿಂತ ನೀರು ಇಂಗಿ ಇಳಿದು ಕೆಳಗಿನ ಬಾವಿಗೆ, ಸುರಂಗ ಅನ್ನುವ ಅಡ್ಡ ಬಾವಿಗೆ ಸಿಗಲಿ ಅಂತ. ಬೊಗ್ಗಿಗೆ ಮಾತ್ರ ಕುಡಿಯಲಿಕ್ಕೇ ಬೇಕು. ದನ, ಹಂದಿ ಎಲ್ಲ ಇಳಿಯುವ ನೀರು, ಇಲಿಜ್ವರದ ಭಯ. ಲಸಿಕೆ ಹಾಕಿಸಿದ್ದೇನೆ. ಆದರೂ ಹಗ್ಗ ಗಿಡ್ಡ ಮಾಡುತ್ತೇನೆ, ಆದರೂ ಅವಳು ನಾಲ್ಕು ಗುಟುಕು ಕುಡಿದೇ ಕುಡಿಯುತ್ತಾಳೆ.

ಪಾದೆಯ, ಅಂದರೆ ಬಂಡೆಯ, ಮೇಲೆ ನೀಲಿ ಕಾಣುತ್ತಿದೆಯಲ್ಲ, ಸ್ವಲ್ಪ ಝೂಮ್ ಮಾಡುತ್ತೇನೆ. ಓಣಂ ಕಳೆದು ವಾರ ಆಯಿತು, ಇನ್ನೂ ಉಳಿದಿದೆ. ಮಲಯಾಳದಲ್ಲಿ ಇದಕ್ಕೆ ಕಾಕ್ಕಪ್ಪೂವು ಅನ್ನುತ್ತಾರೆ, ಓಣಂನ ಹೂರಂಗೋಲಿ ಪೂಕಳಂ ಹಾಕಲು ಮಕ್ಕಳು ಕೊಯ್ಯುವ ಹೂ. ನೋಡಲು ಪಾಪ. ಆದರೆ ಒದ್ದೆ ಮಣ್ಣಿನೊಳಗೆ ಇದಕ್ಕೆ ಸಣ್ಣ ಸಣ್ಣ ಚೀಲಗಳಿವೆ. ನೀರಿನ ಪುಟ್ಟ ಜೀವಿಗಳನ್ನು ಒಳಗೆ ಎಳೆದು ತಿನ್ನುತ್ತದೆ! ಇದೇ ಪಾದೆ ಮಾರ್ಚಿನಲ್ಲಿ ಕಾದ ಹಂಚು. ಆಗ ಹಿಂಗೈಯನ್ನು ಕಲ್ಲಿನ ಮೇಲೆ ಇಟ್ಟು ನೋಡುತ್ತೇನೆ. ಐದು ಎಣಿಸುವುದರೊಳಗೆ ಕೈ ತೆಗೆಯುವಂತಾದರೆ ನಾಯಿಯ ಪಾದಕ್ಕೂ ಆ ದಾರಿ ಬೇಡ.

ಇನ್ನು ಇಳಿತ. ಮೊದಲು ಒಂದಿಷ್ಟು ಅಕೇಶಿಯಾ. ಅಡಿಯಲ್ಲಿ ಒಣ ಎಲೆ ಬಿಟ್ಟರೆ ಏನಿಲ್ಲ, ಬೊಗ್ಗಿ ಮೂಗು ಕೂಡ ಇಡುವುದಿಲ್ಲ. ಆಮೇಲೆ ನಿಜವಾದ ಕಾಡು. ಕಾಟುಮಾವು, ಪಾಲೆ ಮರ, ಕೇಪಳ, ಕುಂಟಾಲದ ಪೊದೆ. ಒಂದೊಂದು ಬುಡಕ್ಕೂ ಎರಡೆರಡು ನಿಮಿಷ. ಸುಮ್ನೆ ನಿಲ್ಲುತ್ತೇನೆ. ಅವಳು ನಿನ್ನೆಯ ಪೇಪರ್ ಓದುತ್ತಿದ್ದಾಳೆ ಅಂದುಕೊಳ್ಳಿ.

ಎಡಕ್ಕೆ ಕತ್ತಲೆ ಕತ್ತಲೆ ಕಾಣುವುದು ನಾಗಬನ. ಅದನ್ನು ತೋರಿಸುವುದಿಲ್ಲ, ನಾಯಿಯನ್ನೂ ಬಿಡುವುದಿಲ್ಲ. ಸುತ್ತು ಹಾಕಿ ಹೋಗುತ್ತೇವೆ.

ಹಗ್ಗ ಯಾಕೆ, ಹಳ್ಳಿಯ ನಾಯಿ ಅಲ್ವಾ ಅಂತ ಕೇಳುತ್ತೀರಿ. ಎರಡು ವರ್ಷದ ಹಿಂದೆ ಹಗ್ಗ ಇರಲಿಲ್ಲ. ಒಂದು ಬೆಳಗ್ಗೆ ಪೊದೆಯ ಹಿಂದಿನಿಂದ ಕಿರುಚಾಟ ಕೇಳಿತು. ಹಂದಿಗೆ ಅಂತ ಯಾರೋ ಬೈಕಿನ ಕೇಬಲ್ಲಿನಲ್ಲಿ ಉರುಳು ಇಟ್ಟಿದ್ದರು, ಇವಳ ಹಿಂಗಾಲು ಅದರಲ್ಲಿ. ಜಗ್ಗಿದಷ್ಟೂ ಬಿಗಿಯುವ ತಂತಿ. ಬಿಡಿಸುವಾಗ ನನ್ನ ಕೈಗೂ ಕಚ್ಚಿದಳು, ತಪ್ಪು ಹೇಳುವುದಿಲ್ಲ. ಹಂದಿಯ ಕಾಟ ನಮಗೂ ಗೊತ್ತು, ಮರಗೆಣಸು ಒಂದು ಗಡ್ಡೆ ಉಳಿಯುವುದಿಲ್ಲ. ಕೃಷಿ ಹಾಳು ಮಾಡುವ ಹಂದಿಗೆ ಲೈಸೆನ್ಸ್ ಇದ್ದವರಿಂದ ಗುಂಡು ಹೊಡೆಸಲು ಅನುಮತಿ ಕೊಡುವ ಅಧಿಕಾರ 2022ರಿಂದ ಕೇರಳದ ಪಂಚಾಯತುಗಳಿಗೆ ಇದೆ. ಕೇಳಿ ಮಾಡಬಹುದು. ಉರುಳಿಗೆ ಕಣ್ಣಿಲ್ಲ ಮಾರಾಯ್ರೆ.

ಇನ್ನೊಂದು, ಸಂಜೆ ಆರರ ನಂತರ ಬರುವುದಿಲ್ಲ. ಮುಳಿಯಾರು, ಕಾರಡ್ಕ ಕಡೆಯಿಂದ ಚಿರತೆಯ ಸುದ್ದಿ ಬರುತ್ತಲೇ ಇರುತ್ತದೆ. ಚಿರತೆಗೆ ನಾಯಿ ಅಂದರೆ ಸುಲಭದ ಊಟ.

ಎರಡನೇ ನೀರು, ತೋಡು. ಸಣ್ಣ ಹಳ್ಳ ಅನ್ನಿ. ಈಗ ಮೊಣಕಾಲಿನಷ್ಟು ಹರಿಯುತ್ತಿದೆ. ಮಳೆ ಪೂರ್ತಿ ನಿಂತ ಮೇಲೆ ಇಲ್ಲೇ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತೇವೆ, ತೋಟಕ್ಕೆ ನೀರು ನಿಲ್ಲಿಸಲು. ಪಕ್ಕದ ಏತಡ್ಕದವರು ಊರಿಗೆ ಊರೇ ಸೇರಿ ಕಟ್ಟ ಕಟ್ಟಿ ಹೆಸರಾದವರು. ಬೊಗ್ಗಿ ನೀರಿಗಿಳಿದು ಕೂತಿದ್ದಾಳೆ, ಇನ್ನು ಹತ್ತು ನಿಮಿಷ ಏಳುವುದಿಲ್ಲ. "ಬಾ" ಅಂದೆ, ಕೇಳಲಿಲ್ಲ. ಮಲಯಾಳದಲ್ಲಿ "ವಾ" ಅಂದೆ, ಕಿವಿ ಮಾತ್ರ ತಿರುಗಿತು. ತುಳುವಿನಲ್ಲಿ "ಬಲ" ಅಂದರೆ ಎದ್ದು ಬರುತ್ತಾಳೆ, ಯಾಕೆಂದರೆ ಅಡಿಕೆ ಕೊಯ್ಯಲು ಬರುವ ಅಣ್ಣ ತಿಂಡಿ ಕೊಡುವುದು ತುಳುವಿನಲ್ಲಿ. ಗಡಿನಾಡಿನ ನಾಯಿ, ಮೂರು ಭಾಷೆ ಬರುತ್ತದೆ. ಲಾಭ ಇರುವ ಭಾಷೆ ಮಾತ್ರ ಕೇಳಿಸುತ್ತದೆ.

ಮೂರನೆಯದು ನನಗೆ ಹೆಚ್ಚು ಪ್ರೀತಿಯದ್ದು. ಈ ಗುಡ್ಡೆಯ ಬದಿಯ ತೂತು ಕಾಣ್ತಿದೆಯಲ್ಲ, ಅದು ಸುರಂಗ. ಅಡ್ಡಕ್ಕೆ ಕೊರೆದ ಬಾವಿ ಅನ್ನಿ. ಅಜ್ಜನ ಕಾಲದ್ದು. ಒಬ್ಬ ಬಗ್ಗಿಕೊಂಡು ಹೋಗುವಷ್ಟು ಅಗಲ, 40 ಕೋಲು ಉದ್ದ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಳಗೆ ಒಬ್ಬ ಪಿಕ್ಕಾಸಿನಲ್ಲಿ ಕಡಿಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಎಳೆಯುತ್ತಾನೆ. ಒಯ್ದ ದೀಪ ನಂದಿದರೆ ಉಸಿರಾಡಲು ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿದರೆ ಪಂಪೂ ಬೇಡ, ಕರೆಂಟೂ ಬೇಡ, ತಾನಾಗಿ ಹೊರಗೆ ಬರುತ್ತದೆ. ಅಡಿಕೆ ಮರದ ದಂಬೆ, ಅಂದರೆ ಕೊರೆದ ದೋಣಿಯಂಥ ಕಾಲುವೆ, ಇಟ್ಟು ಟಾಂಕಿಗೆ ಬಿಡುತ್ತಿದ್ದರಂತೆ. ಈಗ ಪೈಪು. ಒಳಗೆ ಬಾವಲಿ ಇವೆ, ಹಾಗಾಗಿ ಇಲ್ಲೂ ಹಗ್ಗ ಗಿಡ್ಡ.

ಈ ನೀರಿನ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ನಮ್ಮದು ಎಣ್ಮಕಜೆ ಪಂಚಾಯತು. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಈ ಗುಡ್ಡೆಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದರು. ತೋಡಿನ ನೀರು, ಸುರಂಗದ ನೀರು ಬಾಯಿಗೆ ಹಾಕಲು ಜನ ಹೆದರುತ್ತಿದ್ದರು. ನಾನು ಆಗ ಚಿಕ್ಕವನು. ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿದ್ದು ನೆನಪಿದೆ. ಅಬ್ಬೆ ಕೈ ಹಿಡಿದು ಒಳಗೆ ಎಳೆದದ್ದೂ ನೆನಪಿದೆ.

ಬೊಗ್ಗಿ ಕುಡಿಯುವ ಸದ್ದು ಕೇಳಿ. ಇಲ್ಲಿ ಮಾತು ನಿಲ್ಲಿಸುತ್ತೇನೆ.

ಮನೆ ಬಂತು. ಕೆಲಸ ಮುಗಿದಿಲ್ಲ, ಉಣುಗು ಹೆಕ್ಕಬೇಕು. ಉಣ್ಣಿ ಅನ್ನುತ್ತೀರಲ್ಲ, ಅದೇ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಅಡಿಯಲ್ಲಿ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ಹಿಸುಕಬಾರದು. ಕಳೆದ ವರ್ಷ ಉಣುಗಿನ ಜ್ವರ ಬಂದು ಇವಳು ಹತ್ತು ದಿನ ಅನ್ನ ಮುಟ್ಟಿರಲಿಲ್ಲ.

ಅಬ್ಬೆ ಜಗಲಿಯಿಂದಲೇ ಕೇಳುತ್ತಿದ್ದಾಳೆ, "ಎಷ್ಟು ಸಿಕ್ಕಿತ್ತು?"

"ಏಳು."

"ಇನ್ನೊಂದರಿ ನೋಡು. ಅಷ್ಟರವರೆಗೆ ಅದರ ಒಳ ಬಿಡೆಡ."

ನೋಡಿದೆ. ಎಂಟನೆಯದು ನನ್ನ ಕಾಲಿನಲ್ಲಿತ್ತು.